ಕುಂಕುಮ ಕೆಡದ ಬಟ್ಟಲು

ನಾಳೆ ಬಿತ್ತನೆಯೆಂದು ನೀಲವ್ವ ಕೂರಿಗೆಯನ್ನು ತೊಳೆದು, ಅದರ ಮೇಲಿನ ಬೀಜ ಹಾಕುವ ಮರದ ಬಟ್ಟಲಿಗೆ ಕುಂಕುಮವಿಟ್ಟು ಕೈಮುಗಿದು ಹೋದಳು. ಬಟ್ಟಲು ಮದುವಣಗಿತ್ತಿಯಂತೆ ಬೀಗಿತು.

ಅದರ ತಳದ ತೂತುಗಳಿಗೆ ಹಗ್ಗದಿಂದ ಬಿಗಿದಿದ್ದ ನಾಲ್ಕು ಬಿದಿರು ಕೊಳವೆಗಳಲ್ಲಿ ಕೊನೆಯದು ಮೆಲ್ಲಗೆ ಹೇಳಿತು: “ಅಕ್ಕಾ, ನನ್ನೊಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆ. ಬೆಳಗ್ಗೆ ನೀಲವ್ವ ಹಿಡಿ ಜೋಳ ಹಾಕಿ ನೋಡುವಾಗ ಕಾಳು ಇಳಿಯದೆ ನಿಂತದ್ದು ಆಕೆಗೆ ಕಾಣಲಿ. ಕಟ್ಟು ಬಿಚ್ಚಿ ಕಡ್ಡಿ ಆಡಿಸಿದರೆ ಸಾಕು.”

“ಹುಳಕ್ಕೆ ಬಾಡಿಗೆಮನೆ ಕೊಟ್ಟವಳು ನೀನು, ಕಟ್ಟು ಬಿಚ್ಚುವಾಗ ಕೈ ತಾಗಿ ಕುಂಕುಮ ಕೆಡಬೇಕಾದದ್ದು ನನ್ನದೋ? ಉಳಿದ ಮೂವರು ಸರಿಯಾಗಿದ್ದಾರಲ್ಲ! ಬಿತ್ತನೆ ಮುಗಿಯಲಿ, ನಿಧಾನಕ್ಕೆ ನೋಡೋಣ.”

“ಬಿತ್ತನೆ ಮುಗಿದ ಮೇಲೆ ಸರಿಯಾಗಿ ನಾನೇನು ಮಾಡಲಕ್ಕಾ?”

ಬೆಳಗ್ಗೆ ನೀಲವ್ವ ಜೋಳ ಹಾಕಿದಾಗ, ಬಟ್ಟಲು ಕೊನೆಯ ತೂತಿನ ಕಾಳನ್ನೆಲ್ಲ ಪಕ್ಕದ ತೂತಿಗೆ ಜಾರಿಸಿತು. ನೆಲಕ್ಕೆ ಕಾಳು ಉದುರಿದ್ದು ಕಂಡು ಕೊಳವೆಗಳೆಲ್ಲ ಸರಿಯಿವೆಯೆಂದು ಆಕೆ ನಂಬಿದಳು. ಹೊಲದಲ್ಲೂ ಹಾಗೆಯೇ ನಡೆಯಿತು.

ಪೈರು ಎದ್ದಾಗ ಮೂರು ಸಾಲು ಹಸಿರು, ಒಂದು ಸಾಲು ಬರಿಮಣ್ಣು, ಹೊಲದುದ್ದಕ್ಕೂ ಅದೇ. ಮತ್ತೆ ಬಿತ್ತೋಣವೆಂದರೆ ನೆಲದ ಹದ ಆರಿಹೋಗಿತ್ತು. ನೀಲವ್ವ ಕಟ್ಟು ಬಿಚ್ಚಿ ಕೊನೆಯ ಕೊಳವೆಯೊಳಗೆ ಕಡ್ಡಿ ಆಡಿಸಿದಳು. ಗೂಡು ಪುಡಿಯಾಗಿ ಉದುರಿತು. ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತೂ ಹಿಡಿಯಲಿಲ್ಲ.

“ಈಗ ನಾನು ಸರಿಯಾದೆನಕ್ಕಾ,” ಎಂದಿತು ಕೊಳವೆ.

ಬಟ್ಟಲು ಹೊಲದ ಕಡೆ ನೋಡಿತು. “ಭೂಮಿತಾಯಿ ಬಾಯಿ ತೆರೆದು ಕೂತಿದ್ದಳು ತಂಗೀ. ತುತ್ತು ತಪ್ಪಿಸಿದವಳು ನಾನು.”

ಅದರ ಮೈಮೇಲಿನ ಕುಂಕುಮ ಮಾತ್ರ ಇಟ್ಟಂತೆಯೇ ಇತ್ತು.