ಹೆಬ್ಬೆರಳು ಹೂಡಿದ ಜಗಳ

ಪುಟ್ಟಮಾದಯ್ಯನ ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡು, ಮೊದಲು ನಾಲಿಗೆಯ ಮೇಲೆ ಹರಿಹಾಯ್ದಿತು. “ನಿನ್ನ ಚಪಲಕ್ಕೆ ನನಗೇಕೆ ಶಿಕ್ಷೆ?”

“ಯಾವ ಚಪಲ? ನಿನ್ನ ನೋವಿಗೆ ವಾಯುವೇ ಕಾರಣವೆಂದು ಮನೆಯವರು ಬೇಳೆ ಸಾರನ್ನೂ ನಿಲ್ಲಿಸಿದ್ದಾರೆ. ಬರೀ ಗಂಜಿ ಕುಡಿದು ಸಪ್ಪಗಾಗಿದ್ದೇನೆ. ಹೋಗಿ ಕಿಡ್ನಿಯನ್ನು ಕೇಳು,” ಎಂದು ನಾಲಿಗೆ ಗೊಣಗಿತು.

ಹೆಬ್ಬೆರಳು ಕಿಡ್ನಿಯನ್ನು ತರಾಟೆಗೆ ತೆಗೆದುಕೊಂಡಿತು. “ಯೂರಿಕ್ ಆಸಿಡ್ಡನ್ನು ಹೊರಗೆ ಹಾಕುವುದು ನಿನ್ನ ಕೆಲಸ. ನೀನು ಒಳಗೇ ಉಳಿಸಿದ್ದೆಲ್ಲ ಹರಳುಗಟ್ಟಿ ನನ್ನ ಗೆಣ್ಣನ್ನು ಚುಚ್ಚುತ್ತಿದೆ!”

“ಕತ್ತಿನಲ್ಲಿರುವ ಥೈರಾಯ್ಡಮ್ಮ ಹಾಕುವ ತಾಳಕ್ಕೆ ತಕ್ಕಂತೆ ನನ್ನ ದುಡಿಮೆ. ಈಚೆಗೆ ಆಕೆಯ ತಾಳವೇ ನಿಧಾನವಾಗಿದೆ,” ಎಂದಿತು ಕಿಡ್ನಿ.

ಹೆಬ್ಬೆರಳು ಮೇಲಕ್ಕೆ ಕೂಗಿ ಕೇಳಿದಾಗ ಥೈರಾಯ್ಡಮ್ಮ ಆಕಳಿಸಿದಳು. “ನಾನೇನು ಗೊರಕೆ ಹೊಡೆದೆನೇ? ಒಂದಿಷ್ಟು ತೂಕಡಿಸಿದೆ, ಅಷ್ಟೇ. ಡಾಕ್ಟರೇ ಅಲ್ಪಸ್ವಲ್ಪ ಏರುಪೇರು ಎಂದಿದ್ದಾರೆ. ಅಷ್ಟು ದೂರದ ನಿನಗೂ ನನಗೂ ಏನು ಸಂಬಂಧ?”

ಹೆಬ್ಬೆರಳು ಉತ್ತರ ಕೊಡುವ ಮೊದಲೇ ಪಂಚೆಯ ಅಂಚು ಅದಕ್ಕೆ ತಾಗಿತು. ಪುಟ್ಟಮಾದಯ್ಯ “ಅಯ್ಯಯ್ಯೋ!” ಎಂದು ಸೂರು ಹಾರಿಹೋಗುವಂತೆ ಅರಚಿದ. ಆ ಕೂಗು ಹೊರಟಿದ್ದು ಥೈರಾಯ್ಡಮ್ಮನ ಬೆನ್ನಿಗಂಟಿಕೊಂಡೇ ಇದ್ದ ಗಂಟಲಿನಿಂದ. ಆಕೆ ಬೆಚ್ಚಿಬಿದ್ದು ಎದ್ದು ಕೂತಳು.

“ಈಗ ಗೊತ್ತಾಯಿತೇ ತಾಯಿ, ಏನು ಸಂಬಂಧ ಅಂತ?” ಎಂದಿತು ಹೆಬ್ಬೆರಳು.