ಮೂರು ಸಲ ಕೇಳಿದ ಕ್ಷಮೆ

ಹೊಳೆದಂಡೆಯ ಒಂದು ಊರಿನಲ್ಲಿ ಅಜರ್ಯ ಎಂಬ ಯಹೂದಿ ಗುರುಗಳಿದ್ದರು. ಅವರ ಬಳಿ ಆಶೇರ ಎಂಬವನು ಕುರಿ ಕೋಳಿ ಕೊಯ್ಯುವ ವಿಧಿಯನ್ನು ಕಲಿಯುತ್ತಿದ್ದ.

ಅದರಲ್ಲಿ ಕಲಿಯುವುದೇನಿದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಚೂರಿಯ ಅಲಗಿನಲ್ಲಿ ಕೂದಲೆಳೆಯಷ್ಟು ಮುಕ್ಕಿದ್ದರೂ ಅದರಿಂದ ಕೊಯ್ದ ಮಾಂಸವನ್ನು ಯಹೂದಿಗಳು ಮುಟ್ಟುವುದಿಲ್ಲ. ಹಾಗಾಗಿ ಅಲಗನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ಪರೀಕ್ಷಿಸಬೇಕು. ಆಶೇರನ ಉಗುರು ಬಲು ಚುರುಕು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಅವನ ಮಾವನ ಊರಿನಲ್ಲಿ ಈ ಕೆಲಸಕ್ಕೆ ಯಾರೂ ಇರಲಿಲ್ಲ. ಗುರುಗಳು ಒಪ್ಪಿಗೆ ಪತ್ರ ಬರೆದುಕೊಟ್ಟರೆ ಹೆಂಡತಿಯೊಡನೆ ಅಲ್ಲಿ ಹೋಗಿ ನೆಲೆಸುವ ಆಸೆ ಅವನದು. ವರ್ಷಕ್ಕೊಮ್ಮೆ ಬರುವ ಮಹಾ ಉಪವಾಸಕ್ಕೆ ಮೊದಲು ಬರೆದುಕೊಡುತ್ತೇನೆ ಎಂದು ಗುರುಗಳು ಹೇಳಿದ್ದರು.

ಉಪವಾಸಕ್ಕೆ ಒಂಬತ್ತು ದಿನವಿತ್ತು. ಊರಿನ ಕೋಳಿ ಕೊಯ್ಯುವ ಮುದುಕ ತೋವಿಯ, ಪದ್ಧತಿಯಂತೆ, ತನ್ನ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗುರುಗಳಿಗೆ ತೋರಿಸಲು ಬಂದ. ಕೊಯ್ಯಿಸಲು ಕೋಳಿ ಹಿಡಿದು ಬಂದ ಹೆಂಗಸರು ಅಂಗಳದ ತುಂಬ ಕಾಯುತ್ತಿದ್ದರು. ಗುರುಗಳ ಬೆರಳು ಬಾತಿತ್ತು. ನೀನೇ ನೋಡು ಎಂದು ಅವರು ಚೂರಿಯನ್ನು ಆಶೇರನಿಗೆ ಕೊಟ್ಟರು.

ಏಳನೆಯ ಎಳೆತಕ್ಕೆ ಉಗುರು ತಡೆಯಿತು.

"ಮುಕ್ಕಿದೆ," ಎಂದ ಆಶೇರ, ಎಲ್ಲರಿಗೂ ಕೇಳುವಂತೆ. "ಇವರ ಬೆರಳಿಗೆ ವಯಸ್ಸಾಯಿತು. ಇಷ್ಟು ದಿನ ನಾವು ಏನೇನು ತಿಂದೆವೋ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬೊಬ್ಬರಾಗಿ ಕೋಳಿ ಎತ್ತಿಕೊಂಡು ಹೊರಟರು. ತೋವಿಯನ ಮುಖ ಸುಣ್ಣವಾಯಿತು. ಚೂರಿಯನ್ನು ಅಲ್ಲೇ ಬಿಟ್ಟು, ಬರಿಯ ಬಟ್ಟೆಯನ್ನು ಮಡಚಿಕೊಂಡು ಅವನೂ ಹೋದ.

ಗುರುಗಳು ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದ ಆಶೇರ. ಸಂಜೆಯವರೆಗೂ ಅವರು ಬಾಯಿ ಬಿಡಲಿಲ್ಲ. ಕೊನೆಗೆ ಅವನೇ ಕೇಳಿದ.

"ಗುರುಗಳೇ, ನಾನು ಹೇಳಿದ್ದು ಸುಳ್ಳೇ?"

"ಅಲ್ಲ."

"ಮುಕ್ಕನ್ನು ಮುಚ್ಚಿಡಬೇಕಿತ್ತೇ?"

"ಕೂಡದು."

"ನಿಮ್ಮ ಉಗುರಿಗೆ ಅವರ ಚೂರಿಯ ಮುಕ್ಕು ಯಾವತ್ತೂ ಸಿಕ್ಕಿರಲಿಲ್ಲವೇ?"

"ಎರಡು ಸಲ ಸಿಕ್ಕಿತ್ತು. ಚೂರಿ ನನ್ನ ಹತ್ತಿರ ಇರಲಿ, ಒಳಗೆ ಬಾ ತೋವಿಯ, ಏನಾದರೂ ತಿನ್ನು ಅಂದೆ. ಒಳಗೆ ಸಾಣೆಕಲ್ಲು ಕೊಟ್ಟೆ. ಅವನೇ ಮಸೆದ, ನಾನು ಮತ್ತೆ ನೋಡಿದೆ. ಆಮೇಲೆ ಕೊಯ್ದ."

ಆಶೇರ ತನ್ನ ಉಗುರನ್ನು ನೋಡಿಕೊಂಡ.

"ಮುಕ್ಕಿದೆ ಎಂದದ್ದು ಚೂರಿಗಾಗಿ," ಎಂದರು ಗುರುಗಳು. "ಉಳಿದ ಮಾತು ಯಾರಿಗಾಗಿ?"

ಉತ್ತರ ಅವನಿಗೆ ತಿಳಿದಿತ್ತು. ತನ್ನ ಉಗುರು ಎಷ್ಟು ಚುರುಕೆಂದು ಆ ಹೆಂಗಸರಿಗೆ ಗೊತ್ತಾಗಲಿ ಎಂದೇ ಆಡಿದ್ದ. ಅವನಿಗೆ ನಾಚಿಕೆಯಾಯಿತು.

ದೇವರಿಗೆ ಮಾಡಿದ ತಪ್ಪನ್ನು ಆ ಉಪವಾಸ ತೊಳೆಯುತ್ತದೆ. ಮನುಷ್ಯನಿಗೆ ಮಾಡಿದ್ದನ್ನು ತೊಳೆಯುವುದಿಲ್ಲ. ಅದಕ್ಕೆ ಆ ಮನುಷ್ಯನ ಬಳಿಯೇ ಹೋಗಿ ಕೇಳಬೇಕು. ಮೂರು ಸಲ ಕೇಳಿಯೂ ಅವನು ಒಪ್ಪದಿದ್ದರೆ ಕೇಳಿದವನ ಹೊರೆ ಇಳಿಯಿತು ಎಂದು ಲೆಕ್ಕ. ಇದನ್ನು ಆಶೇರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಹೋದ. ಮೊದಲ ಸಲ ತೋವಿಯ ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ಅವನ ಹೆಂಡತಿ ಬಂದು, ಅವರು ಊಟ ಬಿಟ್ಟಿದ್ದಾರೆ, ಪ್ರಾರ್ಥನೆಗೂ ಹೋಗುತ್ತಿಲ್ಲ, ನೀನು ಬರಬೇಡಪ್ಪ ಎಂದಳು. ಮೂರನೆಯ ಸಲ ತೋವಿಯನೇ ಹೊಸ್ತಿಲಿಗೆ ಬಂದ.

"ನೀನು ಹೇಳಿದ್ದು ನಿಜ ತಾನೇ? ನಿಜ ಹೇಳಿದವನನ್ನು ನಾನೇನು ಕ್ಷಮಿಸಲಿ? ಹೋಗು."

ಆಶೇರನಿಗೆ ಸಂಕಟವೂ ಆಯಿತು, ಒಳಗೊಳಗೆ ಸ್ವಲ್ಪ ಹಗುರವೂ ಆಯಿತು.

ಅಂದು ಸಂಜೆಯೇ ಉಪವಾಸ ಹಿಡಿಯುವುದಿತ್ತು. ಪಕ್ಕದ ಊರಿನಿಂದ ಕರೆಸಿದವನೊಬ್ಬ ಗುರುಗಳ ಮನೆಯ ಹಿತ್ತಲಲ್ಲಿ ಕೊಯ್ಯುತ್ತಿದ್ದ. ಅಂಗಳದಲ್ಲಿ ಕೋಳಿಗಳ ಗಲಾಟೆ. ಗುರುಗಳು ಒಳಗೆ ಒಪ್ಪಿಗೆ ಪತ್ರಕ್ಕೆ ಕಾಗದ, ಮಸಿಕುಡಿಕೆ ಮುಂದಿಟ್ಟುಕೊಂಡು ಕೂತಿದ್ದರು. ಆಶೇರ ನಡೆದದ್ದನ್ನೆಲ್ಲ ಹೇಳಿದ.

"ಮೂರು ಸಲ ಕೇಳಿದೆ, ಗುರುಗಳೇ. ಅವರು ಕ್ಷಮಿಸಲಿಲ್ಲ. ವಿಧಿಯಂತೆ ನನ್ನ ಹೊರೆ ಇಳಿಯಿತಲ್ಲವೇ?"

ಗುರುಗಳು ಲೇಖನಿಯನ್ನು ಕೈಗೆತ್ತಿಕೊಂಡರು.

"ಕೇಳುವಾಗ ಯಾರಿದ್ದರು?"

"ಯಾರೂ ಇರಲಿಲ್ಲ. ಮೂರು ಸಲವೂ ಬೀದಿಯಲ್ಲಿ ಜನ ಓಡಾಡುವ ಮೊದಲೇ ಹೋಗಿದ್ದೆ."

"ಬೆರಳಿಗೆ ವಯಸ್ಸಾಯಿತು ಎಂದಾಗ?"

ಆಶೇರ ಕಿಟಕಿಯಾಚೆ ನೋಡಿದ. ಅವತ್ತಿನ ಅದೇ ಹೆಂಗಸರು ನಿಂತಿದ್ದರು.

"ಅಂಗಳದ ತುಂಬ ಜನ ಇದ್ದರು," ಎಂದ.

ಗುರುಗಳು ಲೇಖನಿಯನ್ನು ಕೆಳಗಿಟ್ಟರು.

"ಹಾಗಾದರೆ ನೀನಿನ್ನೂ ಒಂದು ಸಲವೂ ಕೇಳಿಲ್ಲ."