ದಿಡ್ಡಿ ಬಾಗಿಲಿನ ಐವರು

"ಗುರುಗಳೇ, ಜನರಿಗೆಲ್ಲ ಸಿಗಬೇಕಾದದ್ದು ಅವರ ಪರವಾಗಿ ಮಾತನಾಡುವವನಿಗೆ ಮೊದಲು ಸಿಕ್ಕರೆ, ಅವನು ಅದನ್ನು ತೆಗೆದುಕೊಳ್ಳಬಹುದೇ?"

ಅಮಾವಾಸ್ಯೆಯ ದಿನ ಬೆಳಿಗ್ಗೆ ಮಠಕ್ಕೆ ಬಂದ ಶಿಷ್ಯ ದೇಮಣ್ಣ ಹೀಗೆ ಕೇಳಿದ. ಬೇರೆ ಸೀಮೆಗಳಿಂದ ಪೇಟೆಗೆ ದುಡಿಯಲು ಬಂದವರಲ್ಲಿ ಅವನೂ ಒಬ್ಬ. ಹಾಗೆ ಬಂದವರೆಲ್ಲ ಪ್ರತಿ ಅಮಾವಾಸ್ಯೆ ಹೊತ್ತು ಹುಟ್ಟುವಾಗಿನಿಂದ ಮಧ್ಯಾಹ್ನದವರೆಗೆ ಚಾವಡಿಯ ಮುಂದೆ ಸಾಲು ನಿಂತು, ಇನ್ನೊಂದು ತಿಂಗಳು ಇರಲು ಅಪ್ಪಣೆ ಪಡೆಯಬೇಕಿತ್ತು. ಅವರು ತಮ್ಮ ಪರವಾಗಿ ಮಾತನಾಡಲು ಆರಿಸಿಕೊಂಡ ನಾಲ್ಕಾರು ಮಂದಿಯಲ್ಲಿ ದೇಮಣ್ಣನೂ ಇದ್ದ. ಮುಂದಾಳುಗಳು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ ಎಂದು ಚಾವಡಿಯವರು ಹೇಳಿ ಕಳಿಸಿದ್ದಾರೆ, ಒಪ್ಪಬೇಕೋ ಬಿಡಬೇಕೋ ತಿಳಿಯುತ್ತಿಲ್ಲ ಎಂದು ಅವನು ವಿವರಿಸಿದ.

ಗುರು ಅವನನ್ನು ಒಮ್ಮೆ ನೋಡಿದರು. ಕುಳಿತುಕೋ ಎಂದು ಹೇಳಿ ಕತೆ ತೆಗೆದರು.

ಒಂದು ಕೋಟೆ ಇತ್ತು. ಅದನ್ನು ಕಟ್ಟುವಾಗ ಪಾಳೇಗಾರ ಹತ್ತು ಸೀಮೆಗಳಿಂದ ಜನರನ್ನು ಕರೆಸಿದ. ಕಲ್ಲು ಒಡೆಯುವವರು ಬಂದರು, ಬಂಡಿ ಹೊಡೆಯುವವರು ಬಂದರು, ಸುಣ್ಣ ಸುಡುವವರು ಬಂದರು. ಬನ್ನಿ ಬನ್ನಿ ಎಂದು ಬೆಲ್ಲ ನೀರು ಕೊಟ್ಟು ಕರೆದದ್ದು. ಗೋಡೆ ಎದ್ದು ಬಾಗಿಲು ಕೂಡಿಸಿದ ದಿನ, ಕಟ್ಟಿದವರೆಲ್ಲ ಹೊರಗಿನವರಾದರು. ಹಗಲು ಒಳಗೆ ಬಂದು ದುಡಿಯಬಹುದು. ಹೊತ್ತು ಇಳಿಯುತ್ತಲೇ ಹೊರಗಿನ ಗುಡಿಸಲುಗಳಿಗೆ ಹೋಗಬೇಕು. ಬೆಳಿಗ್ಗೆ ಒಳಗೆ ಬರುವವರು ಹೆಬ್ಬಾಗಿಲಲ್ಲಿ ಸಾಲು ನಿಲ್ಲಬೇಕು. ಕಾವಲಿನವನು ಒಬ್ಬೊಬ್ಬರ ಮುಂಗೈಗೂ ಸುಣ್ಣದ ಗುರುತು ಎಳೆಯುತ್ತಾನೆ. ಗುರುತಿಲ್ಲದವರು ಒಳಗೆ ಸಿಕ್ಕಿಬಿದ್ದರೆ ಸೀಮೆ ದಾಟಿಸುತ್ತಾರೆ. ಬೆವರಿದ ಚರ್ಮದ ಮೇಲೆ ದಿನವೂ ಸುಣ್ಣ ಬಿದ್ದರೆ ಏನಾಗುತ್ತದೆ? ಅವರ ಮುಂಗೈಯ ಹುಣ್ಣು ಯಾವತ್ತೂ ಮಾಯುತ್ತಿರಲಿಲ್ಲ.

ಆ ಸುಣ್ಣವನ್ನು ಸುಡುತ್ತಿದ್ದವಳು ಹೊರಗಿನವರಲ್ಲೇ ಒಬ್ಬ ಹೆಂಗಸು. ಆ ಸೀಮೆಗೆಲ್ಲ ಇದ್ದದ್ದು ಅವಳದೊಂದೇ ಗೂಡು. ಅಲ್ಲಿಂದ ಹೊರಟ ಸುಣ್ಣ ಕೋಟೆಯ ಗಾರೆಗೆ ಹೋಗುತ್ತಿತ್ತು, ಒಳಗಿನವರ ಎಲೆಅಡಿಕೆಯ ತಟ್ಟೆಗೆ ಹೋಗುತ್ತಿತ್ತು, ಕಾವಲಿನವನ ಮಡಕೆಗೂ ಹೋಗುತ್ತಿತ್ತು. ತಾನು ಸುಟ್ಟದ್ದು ತನ್ನ ಕೈಯನ್ನೇ ಸುಡುತ್ತದೆ ಎಂದು ಅವಳು ನಗುತ್ತಿದ್ದಳು. ನಗದೆ ಇನ್ನೇನು ಮಾಡಬೇಕಿತ್ತು?

ಹೊರಗಿನವರು ತಮ್ಮ ಪರವಾಗಿ ಮಾತನಾಡಲು ಐವರನ್ನು ಆರಿಸಿದರು. ಹಿರಿಯನೆಂದು ಒಬ್ಬ ಬಂಡಿಯವನನ್ನು ಆರಿಸಿದರು. ಬಾಯಿ ಜೋರು ಎಂದು ಸುಣ್ಣದವಳನ್ನು ಆರಿಸಿದರು. ಉಳಿದ ಮೂವರು ಕಲ್ಲು ಒಡೆಯುವವರು. ಕೈಗೆ ಸುಣ್ಣ ಎಳೆಯುವುದನ್ನು ನಿಲ್ಲಿಸಬೇಕು, ಕಟ್ಟಿದ ಕೋಟೆಯೊಳಗೆ ಕಟ್ಟಿದವರನ್ನು ಇರಗೊಡಬೇಕು ಎಂದು ಐವರೂ ಮೂರು ಸಲ ಪಾಳೇಗಾರನ ಮುಂದೆ ನಿಂತರು. ಮೂರು ಸಲವೂ ಅವನು ನೋಡೋಣ ಎಂದ. ನಾಲ್ಕನೆಯ ಸಲ ಅವನೇ ಐವರನ್ನೂ ಕರೆಸಿ ತಾಂಬೂಲ ಕೊಟ್ಟ. ನೀವು ಮಾನವಂತರು, ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸಿದ್ದು ತಪ್ಪಾಯಿತು, ನಾಳೆಯಿಂದ ನೀವು ಐವರು ಹೆಬ್ಬಾಗಿಲ ಪಕ್ಕದ ದಿಡ್ಡಿ ಬಾಗಿಲಿನಿಂದ ಬನ್ನಿ, ನಿಮಗೆ ಗುರುತು ಬೇಡ ಎಂದ. ಮೂಗಿಗೆ ತುಪ್ಪ ಸವರುವುದರಲ್ಲಿ ಅವನು ಪಳಗಿದವನು.

ಇವತ್ತು ಐವರು, ನಾಳೆ ಐವತ್ತು ಮಂದಿ ಎಂದು ಬಂಡಿಯವನು ಲೆಕ್ಕ ಹೇಳಿದ. ಸುಣ್ಣದವಳಿಗೂ ಅದು ಸರಿಯೆನಿಸಿತು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಹಿತವಾಗಿಯೇ ಇತ್ತು. ಹದಿನೈದು ದಿನದಲ್ಲಿ ಮುಂಗೈಯ ಹುಣ್ಣು ಮಾಯಿತು. ಹೊಸ ಚರ್ಮ ಬಂತು. ಅವಳು ಕೆಲಸದ ನಡುವೆ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸಾಲಿನಲ್ಲಿದ್ದವರು ಅವಳನ್ನು ಕಂಡರೆ ದಾರಿ ಬಿಡತೊಡಗಿದರು. ಅದನ್ನು ಅವಳು ಮರ್ಯಾದೆ ಎಂದುಕೊಂಡಳು. ತನ್ನೊಡನೆ ಅವರ ಮಾತು ಕಡಿಮೆಯಾದದ್ದು ಅವಳ ಗಮನಕ್ಕೇ ಬರಲಿಲ್ಲ.

ಒಂದು ದಿನ ಬೆಳಿಗ್ಗೆ ಅವಳು ದಿಡ್ಡಿ ಬಾಗಿಲು ದಾಟುವಾಗ ಸಾಲಿನ ಕಡೆಯಿಂದ ಕೂಗು ಕೇಳಿತು. ಯಾರೋ ಜಗಳಾಡುತ್ತಿದ್ದಾರೆ ಎಂದುಕೊಂಡು ಮುಂದೆ ನಡೆದಳು. ಅದು ಜಗಳವಾಗಿರಲಿಲ್ಲ. ಒಬ್ಬ ಬಸುರಿಗೆ ಹೆರಿಗೆ ನೋವು ಎದ್ದಿತ್ತು. ಸೂಲಗಿತ್ತಿ ಇದ್ದದ್ದು ಕೋಟೆಯೊಳಗೆ. ಮುಂದೆ ಬಿಡಿ ಎಂದು ಬೇಡಿದರೆ ಕಾವಲಿನವನು, ಗುರುತಿಲ್ಲದೆ ಹೇಗೆ ಬಿಡಲಿ, ಸರದಿ ಬರಲಿ ಎಂದ. ಮಗು ಸಾಲಿನಲ್ಲೇ ಹುಟ್ಟಿತು. ಉಳಿಯಲಿಲ್ಲ.

ಸುಣ್ಣದವಳಿಗೆ ಸುದ್ದಿ ತಿಳಿದದ್ದು ಸಂಜೆ, ತನ್ನ ಗುಡಿಸಲಿಗೆ ಮರಳಿದ ಮೇಲೆ. ಅವಳು ಬಾಣಂತಿಯ ಬಳಿಗೆ ಓಡಿದಳು. ಬಾಣಂತಿ ಅಳುತ್ತಿರಲಿಲ್ಲ, ಬೈಯಲೂ ಇಲ್ಲ. ಇವಳ ಕೈಯ ಹೊಸ ಚರ್ಮವನ್ನೇ ನೋಡುತ್ತ ಒಂದು ಮಾತು ಹೇಳಿದಳು.

"ಅಕ್ಕಾ, ನೀನು ಸಾಲಲ್ಲಿ ಇದ್ದಿದ್ರೆ ನನ್ನನ್ನ ಮುಂದೆ ಬಿಡಿಸ್ತಿದ್ದೆ."

ಸುಣ್ಣದವಳು ಅಲ್ಲಿಂದ ಎದ್ದು ಬಂದಳು. ತನ್ನ ಬಾಯಿ ಜೋರು ಎಂದು ಜನ ಆರಿಸಿದ್ದರು. ಆ ಬಾಯಿ ಬೇಕಾದ ಹೊತ್ತಿಗೆ ಅದು ಇನ್ನೊಂದು ಬಾಗಿಲಿನಲ್ಲಿತ್ತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಾರನೆಯ ದಿನ ಐವರೂ ಪಾಳೇಗಾರನ ಮುಂದೆ ಹೋಗಿ ಮಗು ಸತ್ತದ್ದನ್ನು ಹೇಳಿದರು, ಸಾಲು ನಿಲ್ಲಿಸುವುದು ಅನ್ಯಾಯ, ಸುಣ್ಣ ಹಚ್ಚುವುದು ಕ್ರೂರ ಎಂದರು. ಪಾಳೇಗಾರ ಎಲೆ ಮಡಿಸುತ್ತ ಎಲ್ಲವನ್ನೂ ಕೇಳಿದ. ಸುಣ್ಣ ಸುಡುತ್ತದೆ ಎನ್ನುತ್ತೀರಲ್ಲ, ಎಲ್ಲಿ, ನಿಮ್ಮ ಕೈ ತೋರಿಸಿ ಎಂದ. ಐವರ ಮುಂಗೈಯಲ್ಲೂ ಒಂದು ಹುಣ್ಣೂ ಇರಲಿಲ್ಲ. ಸಭೆ ನಕ್ಕಿತು. ಬಂಡಿಯವನು ತಲೆ ತಗ್ಗಿಸಿದ. ಐವರಿಗೂ ತಮ್ಮ ಕೈಗಳನ್ನು ಎಲ್ಲಿ ಅಡಗಿಸಬೇಕೋ ತಿಳಿಯಲಿಲ್ಲ.

ಅದರ ಮರುದಿನ ಸುಣ್ಣದವಳು ಹೆಬ್ಬಾಗಿಲಿಗೆ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಅವಳ ಸರದಿ ಬಂದಾಗ ಕಾವಲಿನವನು ಗಾಬರಿಯಾದ. ನಿಮಗೆ ಗುರುತು ಹಾಕಬಾರದೆಂದು ಅಪ್ಪಣೆಯಾಗಿದೆ, ಆ ಕಡೆಯಿಂದ ಬನ್ನಿ ಎಂದು ಗೋಗರೆದ. ಅವಳು ಅವನ ಮಡಕೆಗೆ ತಾನೇ ಕೈಹಾಕಿ ಮುಂಗೈಗೆ ಬಳಿದುಕೊಂಡಳು. ಅವಳು ಸುಟ್ಟ ಸುಣ್ಣ, ತೆಗೆದುಕೊಳ್ಳಲು ಅವಳಿಗೆ ಯಾರ ಅಪ್ಪಣೆ ಬೇಕು? ಹೊಸ ಚರ್ಮ ಹಳೆಯದಕ್ಕಿಂತ ಹೆಚ್ಚು ಉರಿಯಿತು. ಮಾರನೆಯ ದಿನ ಸಾಲಿನಲ್ಲಿದ್ದವರು ಅವಳಿಗೆ ದಾರಿ ಬಿಡಲಿಲ್ಲ. ಪಕ್ಕಕ್ಕೆ ಸರಿದು ನಡುವೆ ಜಾಗ ಕೊಟ್ಟರು. ಮೂರನೆಯ ದಿನ ಕಲ್ಲು ಒಡೆಯುವವರು ಮೂವರೂ ಬಂದರು. ಬಂಡಿಯವನು ಒಂದು ವಾರ ಅವರೊಡನೆ ವಾದ ಮಾಡಿದ, ಕೈಗೆ ಬಂದದ್ದನ್ನು ಬಿಡುವುದು ಹುಚ್ಚುತನ ಎಂದ, ಮುನಿಸಿಕೊಂಡ. ಎಂಟನೆಯ ದಿನ ಅವನೂ ಬಂದು ಸಾಲಿನಲ್ಲಿ ನಿಂತ.

ಪಾಳೇಗಾರ ಐವರನ್ನೂ ಕರೆಸಿದ. ಅವನಿಗೆ ಸಿಟ್ಟು ನೆತ್ತಿಗೇರಿತ್ತು.

"ನಿಮಗೆ ಇಷ್ಟು ಮರ್ಯಾದೆ ಕೊಟ್ಟೆ. ಇನ್ನೇನು ಬೇಕು?"

ಸುಣ್ಣದವಳು ಕೈ ಮುಂದೆ ಚಾಚಿದಳು. ಈ ಸಲ ಅದರ ಮೇಲೆ ಹುಣ್ಣು ಇತ್ತು. ಸಭೆಯಲ್ಲಿ ಯಾರೂ ನಗಲಿಲ್ಲ.

"ಈ ಗೋಡೆಯಲ್ಲಿರೋ ಸುಣ್ಣ ನಾನು ಸುಟ್ಟದ್ದು. ನಿಮ್ಮ ಬಾಯಲ್ಲಿರೋದೂ ನಾನು ಸುಟ್ಟದ್ದೇ. ಬಾಗಿಲು ಎಲ್ಲರಿಗೂ ತೆರೆಯೋವರೆಗೆ ನನ್ನ ಗೂಡಿಗೆ ಬೆಂಕಿ ಹಾಕೋದಿಲ್ಲ."

ಹಾಗೆಯೇ ಮಾಡಿದಳು. ಗೂಡು ತಣ್ಣಗಾಯಿತು. ಪಾಳೇಗಾರನ ಆಳುಗಳು ತಾವೇ ಸುಡುತ್ತೇವೆಂದು ಹೋಗಿ ಮೂರು ದಿನ ಒದ್ದಾಡಿದರು. ಸಿಕ್ಕಿದ್ದು ಅರೆಬೆಂದ ಕಲ್ಲು ಮತ್ತು ಕಣ್ಣು ತುಂಬ ಹೊಗೆ. ಕೋಟೆಯೊಳಗಿನವರು ಬರಿಯ ಎಲೆಅಡಿಕೆ ಜಗಿದು ಮುಖ ಕಿವುಚಿದರು. ಸುಣ್ಣವಿಲ್ಲದಿದ್ದರೆ ಮಸಿ ಹಚ್ಚಿ ಎಂದು ಪಾಳೇಗಾರ ಕಾವಲಿನವನಿಗೆ ಹೇಳಿದ. ಗುರುತಿಗೆ ಮಸಿ ಸಾಕು, ಗೋಡೆಗೆ ಸಾಲದು. ಮಳೆಗಾಲ ಹತ್ತಿರವಾಗಿತ್ತು. ಮೂಡಣ ದಿಕ್ಕಿನ ಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ಗಾರೆಗೆ ಒಂದು ಹಿಡಿ ಸುಣ್ಣವೂ ಇರಲಿಲ್ಲ.

ಆಗ ಪಾಳೇಗಾರ ದಿಡ್ಡಿ ಬಾಗಿಲಿನಿಂದ ಇನ್ನು ಐವರಲ್ಲ, ಐವತ್ತು ಮಂದಿ ಬರಲಿ ಎಂದು ಹೇಳಿ ಕಳಿಸಿದ. ಬಂಡಿಯವನು ಮೊದಲು ಹೇಳಿದ್ದ ಲೆಕ್ಕವೇ ಅದು. ಎಲ್ಲರೂ ಅವನ ಮುಖ ನೋಡಿದರು. ಬೇಡ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ಅವನೇ. ಮರುದಿನ ಬೆಳಿಗ್ಗೆ ಐವರೂ ಹೆಬ್ಬಾಗಿಲಿಗೆ ಬಂದರು. ಕಾವಲಿನವನು ದಿಡ್ಡಿ ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಕಾಯುತ್ತಿದ್ದ. ಇಡೀ ಸಾಲಿನಲ್ಲಿ ಒಬ್ಬರೂ ಆ ಕಡೆ ಕಾಲಿಡಲಿಲ್ಲ. ಸುಣ್ಣದವಳ ಮುಂದೆ ಆ ಬಾಣಂತಿ ನಿಂತಿದ್ದಳು.

ಗುರು ಅಲ್ಲಿಗೆ ಕತೆ ನಿಲ್ಲಿಸಿದರು.

ಹೆಬ್ಬಾಗಿಲು ಕೊನೆಗೂ ತೆರೆಯಿತೇ, ಅವರೆಲ್ಲ ಒಳಗೆ ಇರುವಂತಾಯಿತೇ ಎಂದು ದೇಮಣ್ಣ ಕೇಳಿದ. ಬಿಸಿಲು ಇನ್ನೂ ಮಠದ ಮೆಟ್ಟಿಲು ಹತ್ತಿರಲಿಲ್ಲ. ಗುರು ಅವನ ಕಣ್ಣನ್ನು ನೇರವಾಗಿ ನೋಡಿ ಹೇಳಿದರು:

"ಅದನ್ನು ಆಮೇಲೆ ಹೇಳುತ್ತೇನೆ ದೇಮಣ್ಣ, ಇವತ್ತು ಅಮಾವಾಸ್ಯೆ, ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಲ್ಲಬೇಕಾದ ನೀನು ಇಷ್ಟು ಬೆಳಿಗ್ಗೆ ಇಲ್ಲಿಗೆ ಹೇಗೆ ಬಂದೆ?"